ತಡವಾದರೂ ಕಾದಿರು: ದಾನಿಯೇಲನ ದರ್ಶನಗಳನ್ನು ಹಳೆಯ ಓದುಗರು ಓದಿದ ಬಗೆ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಬೈಬಲಿನ ದಾನಿಯೇಲನ ಪುಸ್ತಕದಲ್ಲಿರುವ ಅಂತ್ಯಕಾಲದ ದರ್ಶನಗಳನ್ನು ಹಳೆಯ ಓದುಗರು ಹೇಗೆ ಓದಿದರು ಎಂಬುದೇ ಇವತ್ತಿನ ಮಾತು.

ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿನ ಸೈನ್ಯ ಯೆರೂಸಲೇಮಿಗೆ ನುಗ್ಗಿ ದೇವಾಲಯವನ್ನು ಸುಟ್ಟುಹಾಕಿತು. ಜನರನ್ನು ಸೆರೆ ಹಿಡಿದುಕೊಂಡು ಹೋದರು. ಆ ಕಾಲದ ಪ್ರವಾದಿ ಯೆರೆಮೀಯ ಒಂದು ಮಾತು ಹೇಳಿದ್ದ: ಬಾಬಿಲೋನಿನ ಆಟ ಎಪ್ಪತ್ತು ವರ್ಷ, ಆಮೇಲೆ ದೇವರು ನಿಮ್ಮನ್ನು ವಾಪಸ್ ಕರೆತರುತ್ತಾನೆ. ಅದು ಹೆಚ್ಚುಕಮ್ಮಿ ಹಾಗೇ ಆಯಿತು. ಪರ್ಷಿಯಾದ ಸೈರಸ್ ಬಾಬಿಲೋನನ್ನು ಗೆದ್ದ. ಜನ ಊರಿಗೆ ಮರಳಿದರು. ಕ್ರಿ.ಪೂ. 515ರಲ್ಲಿ ದೇವಾಲಯ ಮತ್ತೆ ಎದ್ದು ನಿಂತಿತು.

ಆದರೆ ಯೆರೆಮೀಯ ಹೇಳಿದ್ದ ಆ ಒಳ್ಳೆಯ ಕಾಲ ಪೂರ್ತಿ ಬರಲಿಲ್ಲ. ಪರ್ಷಿಯಾದವರು ಹೋದರೆ ಗ್ರೀಕರು ಬಂದರು. ಅಲೆಕ್ಸಾಂಡರ್ ಸತ್ತ ಮೇಲೆ ಅವನ ಸೇನಾಪತಿಗಳ ವಂಶದವರು ಆ ನಾಡಿಗಾಗಿ ಕಿತ್ತಾಡಿದರು. ಕೊನೆಗೆ ಕ್ರಿ.ಪೂ. 167ರಲ್ಲಿ ಸಿರಿಯಾದ ದೊರೆ ನಾಲ್ಕನೇ ಆಂಟಿಯೋಕಸ್ ಯೆಹೂದ್ಯರ ಧರ್ಮಾಚರಣೆಯನ್ನೇ ನಿಷೇಧಿಸಿದ. ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನ ಆಚರಿಸಿದರೆ, ಮಗುವಿಗೆ ಸುನ್ನತಿ ಮಾಡಿಸಿದರೆ ಸಾವು. ದೇವಾಲಯದ ಬಲಿಪೀಠದ ಮೇಲೆ ಅನ್ಯದೇವರ ಪೀಠ ಕಟ್ಟಿಸಿದ. ಎಪ್ಪತ್ತು ವರ್ಷ ಅಂದಿದ್ದು ನಾನೂರು ವರ್ಷ ದಾಟಿತ್ತು. ನಂಬಿದವರು ಏನು ಮಾಡಬೇಕು?

ದಾನಿಯೇಲನ ಪುಸ್ತಕದ ಒಂಬತ್ತನೇ ಅಧ್ಯಾಯ ಈ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತದೆ. ಅಲ್ಲಿ ಬಾಬಿಲೋನಿಗೆ ಸೆರೆಹೋದ ದಾನಿಯೇಲ ಯೆರೆಮೀಯನ ಗ್ರಂಥವನ್ನು ಓದುತ್ತಿದ್ದಾನೆ. ಎಪ್ಪತ್ತು ವರ್ಷ ಅಂದರೆ ಏನು ಎಂದು ತಿಳಿಯದೆ ಉಪವಾಸ ಮಾಡುತ್ತಾನೆ, ಗೋಣಿತಟ್ಟು ಉಟ್ಟು ಬೂದಿ ಹಾಕಿಕೊಂಡು ಪ್ರಾರ್ಥಿಸುತ್ತಾನೆ. ಆಗ ಗಬ್ರಿಯೇಲ ದೂತ ಬಂದು ಹೇಳುತ್ತಾನೆ: ಅದು ಎಪ್ಪತ್ತು ವಾರ. ಒಂದೊಂದು ವಾರಕ್ಕೂ ಏಳು ದಿನದ ಬದಲು ಏಳು ವರ್ಷ ಎಂದು ಓದುಗರು ಲೆಕ್ಕ ಹಾಕಿದರು. ಒಟ್ಟು 490 ವರ್ಷ.

ಇಲ್ಲಿ ಸ್ವಲ್ಪ ನಿಲ್ಲೋಣ. ಅಂತ್ಯಕಾಲದ ದರ್ಶನ ಅಂದರೆ ನಮ್ಮ ಕಣ್ಣಿಗೆ ಬರೋದು ಬೆಂಕಿ, ಮೃಗ, ತುತ್ತೂರಿ. ಆದರೆ ಇಲ್ಲಿ ದರ್ಶನ ಶುರುವಾಗುವುದು ಒಬ್ಬ ಮನುಷ್ಯ ಹಳೆಯ ಪುಸ್ತಕವೊಂದನ್ನು ಎದುರಿಗಿಟ್ಟುಕೊಂಡು ತಲೆ ಕೆಡಿಸಿಕೊಳ್ಳುವುದರಿಂದ. ಮುಂದಿನ ಆರುನೂರು ವರ್ಷ ಯೆಹೂದ್ಯರೂ ಕ್ರೈಸ್ತರೂ ದಾನಿಯೇಲನನ್ನು ಓದಿದ್ದು ದಾನಿಯೇಲ ಯೆರೆಮೀಯನನ್ನು ಓದಿದ ಹಾಗೆಯೇ. ಹೇಳಿದ ಕಾಲ ಬಂತು, ಹೋಯಿತು. ಪುಸ್ತಕವನ್ನು ಯಾರೂ ಮೂಲೆಗೆ ಎಸೆಯಲಿಲ್ಲ. ಮತ್ತೆ ಬಿಚ್ಚಿ ಓದಿದರು. ಇವತ್ತು ನಾನು ಹೇಳಬೇಕೆಂದಿರುವುದು ಈ ಮರು ಓದಿನ ಕಥೆ. ಅದರಿಂದ ಜನರಿಗೆ ಬಂದ ಧೈರ್ಯದ ಕಥೆ, ಕೆಲವು ಸಲ ಅದೇ ಜನರ ಮನೆ-ಹೊಲ ಹಾಳಾದ ಕಥೆ.

ಈಗಿನ ಬಹುಪಾಲು ವಿದ್ವಾಂಸರ ಪ್ರಕಾರ ದಾನಿಯೇಲನ ದರ್ಶನಗಳು ಬರಹಕ್ಕೆ ಇಳಿದಿದ್ದು ಆಂಟಿಯೋಕಸನ ಕಿರುಕುಳದ ಆ ದಿನಗಳಲ್ಲೇ, ಕ್ರಿ.ಪೂ. 165ರ ಆಸುಪಾಸು. ಕಥೆ ಮಾತ್ರ ಬಾಬಿಲೋನಿನ ಕಾಲದ್ದು. ಏಳನೇ ಅಧ್ಯಾಯದಲ್ಲಿ ಸಮುದ್ರದಿಂದ ನಾಲ್ಕು ಮೃಗಗಳು ಎದ್ದು ಬರುತ್ತವೆ. ಹದ್ದಿನ ರೆಕ್ಕೆಯ ಸಿಂಹ. ಬಾಯಲ್ಲಿ ಮೂರು ಪಕ್ಕೆಲುಬು ಕಚ್ಚಿಕೊಂಡ ಕರಡಿ. ನಾಲ್ಕು ತಲೆಯ ಚಿರತೆ. ನಾಲ್ಕನೆಯದಕ್ಕೆ ಹೆಸರೇ ಇಲ್ಲ. ಕಬ್ಬಿಣದ ಹಲ್ಲು, ಹತ್ತು ಕೊಂಬು, ನಡುವೆ ದೊಡ್ಡ ಮಾತಾಡುವ ಒಂದು ಸಣ್ಣ ಕೊಂಬು. ಆಮೇಲೆ ಸಿಂಹಾಸನಗಳನ್ನು ಹಾಕುತ್ತಾರೆ, ಮಹಾವೃದ್ಧ, ಅಂದರೆ ದೇವರು, ಬಂದು ಕೂರುತ್ತಾನೆ, ಮೃಗಕ್ಕೆ ತೀರ್ಪಾಗುತ್ತದೆ. ಮನುಷ್ಯಕುಮಾರನಂತಿರುವ ಒಬ್ಬ ಮೇಘಗಳೊಂದಿಗೆ ಬರುತ್ತಾನೆ. ರಾಜ್ಯ ಅವನದಾಗುತ್ತದೆ.

ಒಂದೊಂದು ಮೃಗವೂ ಒಂದೊಂದು ರಾಜ್ಯ. ಮೊದಲ ಓದುಗರಿಗೆ ಆ ಸಣ್ಣ ಕೊಂಬು ಯಾರು ಎಂದು ಹೇಳಿಕೊಡಬೇಕಾಗಿರಲಿಲ್ಲ: ನಾಲ್ಕನೇ ಮೃಗ ಗ್ರೀಕರ ರಾಜ್ಯ, ಸಣ್ಣ ಕೊಂಬು ಆಂಟಿಯೋಕಸ್. ಪುಸ್ತಕದ ಕೊನೆಯಲ್ಲಿ, ಅಂತ್ಯಕ್ಕೆ ಎಷ್ಟು ದಿನ ಎಂದು ಹೇಳುವ ಎರಡು ಸಂಖ್ಯೆ ಪಕ್ಕಪಕ್ಕದಲ್ಲೇ ಇವೆ: ಒಂದು ವಚನದಲ್ಲಿ 1290 ದಿನ, ಮರು ವಚನದಲ್ಲಿ 1335 ದಿನದವರೆಗೆ ಕಾದಿರುವವನು ಧನ್ಯ. ಮೊದಲ ಲೆಕ್ಕದ ದಿನ ದಾಟಿದ ಮೇಲೆ ಎರಡನೆಯದನ್ನು ಸೇರಿಸಿದರು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ಹಾಗಿದ್ದರೆ ಮರು ಓದು ಪುಸ್ತಕದ ಒಳಗೇ ಶುರುವಾಗಿದೆ, ಅಲ್ವಾ?

ಕ್ರಿ.ಪೂ. 164ರಲ್ಲಿ ದಂಗೆಯೆದ್ದ ಯೆಹೂದ್ಯರ ನಾಯಕ ಯೂದ ಮಕಬಿ ದೇವಾಲಯವನ್ನು ಗೆದ್ದು ಶುದ್ಧ ಮಾಡಿಸಿದ. ಯೆಹೂದ್ಯರು ಇವತ್ತಿಗೂ ಹನುಕ್ಕಾ ಹಬ್ಬ ಮಾಡುವುದು ಆ ನೆನಪಿಗೇ. ಆಂಟಿಯೋಕಸ್ ಸತ್ತ. ಆದರೆ ಲೋಕದ ರಾಜ್ಯಗಳು ಮುಗಿಯಲಿಲ್ಲ. ಬೇರೆ ಮೃಗ ಬಂತು.

ಈಗ ಮೃತ ಸಮುದ್ರದ ದಡಕ್ಕೆ ಹೋಗೋಣ. 1947ರಿಂದ ಕುಮ್ರಾನಿನ ಗುಹೆಗಳಲ್ಲಿ ಸಿಕ್ಕ ಸುರುಳಿಗಳ ವಿಷಯ ನಿಮ್ಮಲ್ಲಿ ಜಾಸ್ತಿ ಜನ ಕೇಳಿರುತ್ತೀರಿ. ಅಲ್ಲಿ ದಾನಿಯೇಲನ ಎಂಟು ಪ್ರತಿಗಳ ಚೂರುಗಳು ಸಿಕ್ಕಿವೆ. ಅವುಗಳಲ್ಲಿ ಅತಿ ಹಳೆಯದು ಪುಸ್ತಕ ಮುಗಿದ ಒಂದು ಶತಮಾನದೊಳಗಿನದು. ಆದರೆ ಆ ಸುರುಳಿಗಳನ್ನು ಇಟ್ಟುಕೊಂಡಿದ್ದ ಯೆಹೂದ್ಯ ಪಂಗಡದ ಜನ ಹೇಗೆ ಓದುತ್ತಿದ್ದರು ಎಂದು ಚೆನ್ನಾಗಿ ಕಾಣುವುದು ಇನ್ನೊಂದು ಸುರುಳಿಯಲ್ಲಿ. ಅದು ಹಬಕ್ಕೂಕ ಪ್ರವಾದಿಯ ಮೇಲೆ ಬರೆದ ವ್ಯಾಖ್ಯಾನ. ಅದರ ರೀತಿ ಹೀಗಿದೆ: ಪ್ರವಾದಿಯ ಒಂದು ತುಂಡು ವಚನ ಬರೆಯುವುದು, ಕೂಡಲೇ "ಇದರ ಅರ್ಥ ಏನೆಂದರೆ" ಎಂದು ಶುರು ಮಾಡಿ ತಮ್ಮ ಕಾಲದ ವಿಷಯ ಹೇಳುವುದು.

ಒಂದು ಜಾಗ ನೋಡಿ. ಹಬಕ್ಕೂಕ ಬಾಬಿಲೋನಿನವರ ಬಗ್ಗೆ ಬರೆಯುತ್ತಾ, ಬಲೆ ಬೀಸಿ ಮೀನು ಹಿಡಿಯುವವನು ತನ್ನ ಬಲೆಗೇ ಬಲಿ ಕೊಡುತ್ತಾನೆ ಎನ್ನುತ್ತಾನೆ. ಗೆಲ್ಲಿಸಿದ ಆಯುಧವನ್ನೇ ದೇವರು ಮಾಡಿಕೊಳ್ಳುವವರ ಮಾತು ಅದು. ಸುರುಳಿ ಬರೆದವನು ಅದನ್ನು ಓದಿ, ಇದು ಕಿತ್ತೀಮರ ಮಾತು, ಅವರು ತಮ್ಮ ಧ್ವಜಗಳಿಗೆ ಬಲಿ ಕೊಡುತ್ತಾರೆ, ಆಯುಧಗಳನ್ನು ಪೂಜಿಸುತ್ತಾರೆ ಎಂದು ಬರೆದ. ಕಿತ್ತೀಮರು ಅಂದರೆ ಅವನಿಗೆ ರೋಮನ್ನರು. ಕ್ರಿ.ಶ. 70ರಲ್ಲಿ ದೇವಾಲಯ ಉರಿಯುತ್ತಿರುವಾಗ ರೋಮನ್ ಸೈನಿಕರು ಧ್ವಜಗಳನ್ನು ಒಳಗೆ ತಂದು ಅವುಗಳಿಗೆ ಬಲಿ ಕೊಟ್ಟರು ಎಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ವ್ಯಾಖ್ಯಾನಕಾರ ಸುಮ್ನೆ ಕಲ್ಪನೆ ಮಾಡಿರಲಿಲ್ಲ. ಕಣ್ಣೆದುರಿನ ಸೈನ್ಯವನ್ನು ನೋಡಿಯೇ ಬರೆದಿದ್ದ.

ಅದೇ ಸುರುಳಿಯಲ್ಲಿ ಮುಂದೆ ಬರುವ ಮಾತು ನನ್ನನ್ನು ಪ್ರತಿ ಸಲ ತಡೆದು ನಿಲ್ಲಿಸುತ್ತದೆ. ಕೊನೆಯ ತಲೆಮಾರಿಗೆ ಬರುವುದನ್ನು ಬರೆ ಎಂದು ದೇವರು ಹಬಕ್ಕೂಕನಿಗೆ ಹೇಳಿದ. ಆದರೆ ಕಾಲ ಯಾವಾಗ ತುಂಬುತ್ತದೆ ಎಂದು ಅವನಿಗೆ ತಿಳಿಸಲಿಲ್ಲ. ಆ ಗುಟ್ಟು ತಿಳಿದದ್ದು ನಮ್ಮ "ನೀತಿಯ ಬೋಧಕ"ನಿಗೆ, ಅಂದರೆ ಆ ಪಂಗಡದ ಗುರುವಿಗೆ. ಪ್ರವಾದಿಗಿಂತ ಅವನ ಓದುಗನಿಗೇ ಜಾಸ್ತಿ ಗೊತ್ತು! ಇದು ಎಷ್ಟು ದೊಡ್ಡ ಧೈರ್ಯದ ಮಾತು ಎಂದು ಯೋಚಿಸಿ. ಹಾಗೆಂದು ಲೆಕ್ಕ ಸರಿಯಾಯಿತೇ? ಇಲ್ಲ. ಹಬಕ್ಕೂಕನ ಮುಂದಿನ ವಚನ "ತಡವಾದರೂ ಅದಕ್ಕೆ ಕಾದಿರು" ಎನ್ನುತ್ತದೆ. ಅದರ ಮೇಲೆ ಅವರು ಬರೆದದ್ದು: ಕೊನೆಯ ಕಾಲ ಪ್ರವಾದಿಗಳು ಹೇಳಿದ್ದಕ್ಕಿಂತ ಉದ್ದ ಎಳೆಯುತ್ತದೆ. ಎಳೆದಾಗ ಸತ್ಯದ ಕೆಲಸದಿಂದ ಕೈ ಜಾರದಂತೆ ನೋಡಿಕೊಳ್ಳುವವರ ಮಾತಿದು. ಕಾದು ಕಾದು ದಣಿದವರಿಗಾಗಿ ದಣಿದವರೇ ಬರೆದ ಸಾಲು ಅದು.

ಕ್ರಿ.ಶ. 70ರಲ್ಲಿ ಯೆರೂಸಲೇಮಿನ ದೇವಾಲಯ ಎರಡನೇ ಸಲ ನೆಲಸಮವಾಯಿತು. ಈಗ ನಾಲ್ಕನೇ ಮೃಗ ಗ್ರೀಕರದ್ದು ಎಂದು ಓದುವ ಹಾಗೇ ಇರಲಿಲ್ಲ. ಸುಮಾರು ಕ್ರಿ.ಶ. 100ರಲ್ಲಿ ಒಬ್ಬ ಯೆಹೂದ್ಯ ಬರಹಗಾರ ಹಳೆಯ ಕಾಲದ ಶಾಸ್ತ್ರಿ ಎಜ್ರನ ಹೆಸರಿನಲ್ಲಿ ಒಂದು ದರ್ಶನಗ್ರಂಥ ಬರೆದ. ನಾಲ್ಕನೇ ಎಜ್ರ ಎಂದು ಅದನ್ನು ಕರೆಯುತ್ತಾರೆ. ಅದರಲ್ಲಿ ಸಮುದ್ರದಿಂದ ಹನ್ನೆರಡು ರೆಕ್ಕೆ, ಮೂರು ತಲೆಯ ಹದ್ದು ಏಳುತ್ತದೆ. ರೋಮಿನ ಸೈನ್ಯದ ಗುರುತೇ ಹದ್ದು. ಮೂರು ತಲೆ ಅಂದರೆ ರೋಮಿನ ಚಕ್ರವರ್ತಿ ವೆಸ್ಪಾಸಿಯನ್ ಮತ್ತು ಅವನ ಇಬ್ಬರು ಮಕ್ಕಳು, ಟೈಟಸ್ ಹಾಗೂ ಡೊಮಿಷಿಯನ್ ಎಂದು ಹೆಚ್ಚಿನವರು ಓದುತ್ತಾರೆ. ದೂತ ಎಜ್ರನಿಗೆ ಹೇಳುತ್ತಾನೆ: ನಿನ್ನ ಸಹೋದರ ದಾನಿಯೇಲನಿಗೆ ಕಂಡ ನಾಲ್ಕನೇ ರಾಜ್ಯ ಇದೇ, ಆದರೆ ಈಗ ನಿನಗೆ ವಿವರಿಸುತ್ತಿರುವ ಹಾಗೆ ಅವನಿಗೆ ವಿವರಿಸಿರಲಿಲ್ಲ. ಹಳೆಯ ಅರ್ಥ ಬದಲಾಗಿದೆ ಎಂದು ಇಷ್ಟು ಬಿಚ್ಚಿ ಹೇಳಿದ ಬೇರೆ ಬರಹ ನನಗೆ ಗೊತ್ತಿಲ್ಲ. ಮುಚ್ಚಿಡಲಿಲ್ಲ, ದಾನಿಯೇಲನನ್ನು ತೆಗಳಲೂ ಇಲ್ಲ.

ಜೋಸೆಫಸನ ದಾರಿ ಬೇರೆ. ಅವನು ರೋಮನ್ನರ ವಿರುದ್ಧ ಹೋರಾಡಿ, 67ರಲ್ಲಿ ಸೆರೆಸಿಕ್ಕಿ, ಕೊನೆಗೆ ರೋಮಿನಲ್ಲೇ ನೆಲೆಸಿದವನು. ಚಕ್ರವರ್ತಿಗಳ ಆಶ್ರಯ ಬೇರೆ. ದಾನಿಯೇಲನ ಎರಡನೇ ಅಧ್ಯಾಯದಲ್ಲಿ ಕೈಯಿಲ್ಲದೆ ಒಡೆದ ಕಲ್ಲೊಂದು ಬಂದು ಎಲ್ಲ ರಾಜ್ಯಗಳ ಪ್ರತಿಮೆಯನ್ನು ಪುಡಿ ಮಾಡುತ್ತದೆ. ಜೋಸೆಫಸ್ ಆ ಕಥೆ ಹೇಳುತ್ತಾ ಕಲ್ಲಿನ ಹತ್ತಿರ ಬಂದು ನಿಂತುಬಿಡುತ್ತಾನೆ. ನಾನು ಆಗಿಹೋದದ್ದನ್ನು ಬರೆಯುವವನು, ಆಗಬೇಕಾದದ್ದನ್ನಲ್ಲ, ತಿಳಿಯಬೇಕಾದವರು ದಾನಿಯೇಲನನ್ನೇ ಓದಿಕೊಳ್ಳಲಿ ಎನ್ನುತ್ತಾನೆ. ಆ ಕಲ್ಲು ಯಾವ ರಾಜ್ಯದ ಮೇಲೆ ಬೀಳಬೇಕು ಎಂದು ಅವನಿಗೆ ಗೊತ್ತಿತ್ತು. ರೋಮಿನಲ್ಲಿ ಕೂತು ಅದನ್ನು ಬರೆಯುವುದು ಹೇಗೆ? ಅವನ ಮೌನವೂ ಒಂದು ವ್ಯಾಖ್ಯಾನವೇ.

ಯೇಸುವನ್ನು ನಂಬಿದವರು ಇದೇ ಮನೆಯೊಳಗಿನ ಓದುಗರು. ಮಾರ್ಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ದಾನಿಯೇಲನ "ಹಾಳುಮಾಡುವ ಅಸಹ್ಯ ವಸ್ತು", ಅಂದರೆ ಬಲಿಪೀಠದ ಮೇಲಿನ ಆ ಅನ್ಯದೇವರ ಪೀಠ, ಮತ್ತೆ ಬರುತ್ತದೆ. ಪಕ್ಕದಲ್ಲೇ "ಓದುವವನು ತಿಳಿದುಕೊಳ್ಳಲಿ" ಎಂಬ ಮಾತು. ಲೂಕ ಅದೇ ಜಾಗದಲ್ಲಿ ಯೆರೂಸಲೇಮನ್ನು ದಂಡುಗಳು ಮುತ್ತಿರುವುದನ್ನು ಕಾಣುವಾಗ ಎಂದು ಬಿಡಿಸಿ ಬರೆದ. ಹೊಸ ಒಡಂಬಡಿಕೆಯ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದ ಯೋಹಾನನಂತೂ ದಾನಿಯೇಲನ ಚಿರತೆ, ಕರಡಿ, ಸಿಂಹ ಮೂರನ್ನೂ ಕೂಡಿಸಿ ಒಂದೇ ಮೃಗ ಮಾಡಿದ. ಅದರ ಸಂಖ್ಯೆ 666. ಇದರ ಬಗ್ಗೆ ಎಷ್ಟೋ ಗದ್ದಲ ನಡೆದಿದೆ, ನಾನು ಜಾಸ್ತಿ ಹೇಳುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ಸುಮಾರು 180ರಲ್ಲಿ ಲಿಯೋನ್ ನಗರದ ಬಿಷಪ್ ಐರೆನಿಯಸ್ ಆ ಸಂಖ್ಯೆಗೆ ಹೊಂದುವ ಕೆಲವು ಹೆಸರು ಪಟ್ಟಿ ಮಾಡಿದ. ಕೆಲವು ಪ್ರತಿಗಳಲ್ಲಿ 616 ಎಂದಿದೆ, ಅದು ತಪ್ಪು ಎಂದ. ಆಮೇಲೆ, ಈ ಕಾಲದಲ್ಲಿ ಆ ಹೆಸರನ್ನು ಬಹಿರಂಗ ಹೇಳಬೇಕಾಗಿದ್ದರೆ ದರ್ಶನ ಕಂಡವನೇ ಹೇಳುತ್ತಿದ್ದ, ಖಡಾಖಂಡಿತವಾಗಿ ಹೆಸರಿಡುವ ಗೊಡವೆ ನಮಗೆ ಬೇಡ ಎಂದು ಬಿಟ್ಟ.

ಯೆಹೂದ್ಯರೂ ಕ್ರೈಸ್ತರೂ ಒಂದೇ ಅಧ್ಯಾಯವನ್ನು ನಡುವೆ ಇಟ್ಟುಕೊಂಡು ಮಾತಾಡುವುದು ಕೇಳಬೇಕೆಂದರೆ ಕ್ರೈಸ್ತ ಬರಹಗಾರ ಜಸ್ಟಿನ್ ಬರೆದ, ಟ್ರೈಫೋ ಎಂಬ ಯೆಹೂದ್ಯನ ಜೊತೆಗಿನ ಸಂವಾದ ಓದಬೇಕು. ಎರಡನೇ ಶತಮಾನದ ನಡುವಿನ ಬರಹ. ಜಸ್ಟಿನ್ ದಾನಿಯೇಲನ ಏಳನೇ ಅಧ್ಯಾಯದ ಬಹುಭಾಗವನ್ನು ಹೇಳುತ್ತಾನೆ. ಟ್ರೈಫೋ ಒಪ್ಪುತ್ತಾನೆ: ಹೌದಯ್ಯ, ಈ ವಚನಗಳ ಕಾರಣಕ್ಕೇ ನಾವು ಮಹಿಮೆಯುಳ್ಳ ಒಬ್ಬನಿಗಾಗಿ ಕಾಯುತ್ತಿದ್ದೇವೆ. ಆದರೆ ನಿಮ್ಮ ಕ್ರಿಸ್ತ ಮಾನಗೆಟ್ಟು ಶಿಲುಬೆಗೇರಿದವನು, ಅವನು ಇವನು ಹೇಗಾಗುತ್ತಾನೆ? ಜಸ್ಟಿನನ ಉತ್ತರ: ಬರುವುದು ಎರಡು ಸಲ. ಮೊದಲ ಸಲ ಅವಮಾನದಲ್ಲಿ, ಎರಡನೇ ಸಲ ಮೇಘಗಳ ಮೇಲೆ. ಬರೆದವನು ಕ್ರೈಸ್ತ, ಆದ್ದರಿಂದ ಗೆಲುವು ಜಸ್ಟಿನನದೇ. ಆದರೂ ಟ್ರೈಫೋನ ಪ್ರಶ್ನೆಯ ಬಿಸಿ ಇನ್ನೂ ಆರಿಲ್ಲ.

ಅದೇ ಅಧ್ಯಾಯದ ಸಿಂಹಾಸನಗಳು ಯೆಹೂದ್ಯ ಗುರುಗಳಿಗೂ, ಅಂದರೆ ರಬ್ಬಿಗಳಿಗೂ, ನಿದ್ದೆ ಕೆಡಿಸಿದವು. ಮಹಾವೃದ್ಧ ಒಬ್ಬನೇ, ಸಿಂಹಾಸನ ಮಾತ್ರ ಒಂದಕ್ಕಿಂತ ಜಾಸ್ತಿ ಯಾಕೆ? ಒಂದು ದೇವರಿಗೆ, ಇನ್ನೊಂದು ದಾವೀದನಿಗೆ ಎಂದರಂತೆ ರಬ್ಬಿ ಅಕಿವಾ. "ಅಕಿವಾ, ದೇವರ ಸಾನ್ನಿಧ್ಯವನ್ನು ಎಲ್ಲಿಯವರೆಗೆ ಮೈಲಿಗೆ ಮಾಡುತ್ತೀರಿ?" ಎಂದು ರಬ್ಬಿ ಯೋಸೆ ಗದರಿದರು ಎಂದು ಆ ಗುರುಗಳ ಮಾತುಗಳ ಸಂಗ್ರಹವಾದ ತಾಲ್ಮುದ್ ಹೇಳುತ್ತದೆ. ಇದೇ ಅಕಿವಾ, 132ರಲ್ಲಿ ರೋಮಿನ ವಿರುದ್ಧ ದಂಗೆಯೆದ್ದ ಬಾರ್ ಕೊಖಬನನ್ನು ಮೆಸ್ಸೀಯ, ಅಂದರೆ ದಾವೀದ ರಾಜನ ವಂಶದಲ್ಲಿ ಬರಲಿರುವ ರಕ್ಷಕ, ಎಂದು ಕರೆದರು ಎಂಬ ಪರಂಪರೆಯಿದೆ. ಆಗ ಇನ್ನೊಬ್ಬ ಗುರು, "ಅಕಿವಾ, ನಿಮ್ಮ ಕೆನ್ನೆಯ ಮೇಲೆ ಹುಲ್ಲು ಬೆಳೆದರೂ ದಾವೀದನ ಮಗ ಬಂದಿರುವುದಿಲ್ಲ" ಎಂದರಂತೆ. 135ರಲ್ಲಿ ದಂಗೆ ಮಣ್ಣುಪಾಲಾಯಿತು. ಊರೂರುಗಳೇ ಹಾಳಾದವು.

ಆ ಗಾಯದ ನಂತರದ ಗುರುಗಳ ಓದು ಬೇರೆ ದಾರಿ ಹಿಡಿಯಿತು. ಸೇದೆರ್ ಓಲಾಮ್ ಎಂಬ ಕಾಲಗಣನೆಯ ಗ್ರಂಥ ದಾನಿಯೇಲನ 490 ವರ್ಷವನ್ನು ಮೊದಲ ದೇವಾಲಯದ ನಾಶದಿಂದ ಎರಡನೆಯದರ ನಾಶದವರೆಗೆ ಎಂದು ಎಣಿಸಿ ಮುಗಿಸಿತು. ಅಂದರೆ ಆ ಲೆಕ್ಕ ಹಿಂದಿನದು, ಮುಂದಕ್ಕೆ ಅದನ್ನು ಹಿಡಿದುಕೊಂಡು ಕೂರಬೇಡಿ. ತಾಲ್ಮುದಿನಲ್ಲಿ ರಬ್ಬಿ ಯೋನಾತಾನರ ಹೆಸರಲ್ಲಿ ಒಂದು ಶಾಪವೇ ಇದೆ: ಅಂತ್ಯದ ಲೆಕ್ಕ ಹಾಕುವವರ ಎಲುಬು ಊದಿಹೋಗಲಿ! ಯಾಕೆ ಇಷ್ಟು ಸಿಟ್ಟು? ಕಾರಣವನ್ನೂ ಅಲ್ಲೇ ಕೊಟ್ಟಿದ್ದಾರೆ. ಹೇಳಿದ ದಿನ ಬಂದು ಮೆಸ್ಸೀಯ ಬಾರದಿದ್ದರೆ, ಇನ್ನು ಬರುವುದೇ ಇಲ್ಲ ಎಂದು ಜನ ಕೈಬಿಡುತ್ತಾರೆ. ಹಾಗಾದರೆ ಏನು ಮಾಡಬೇಕು? ಅದಕ್ಕೆ ಅವರು ತೆಗೆದ ವಚನ ಹಬಕ್ಕೂಕನದು, ಕುಮ್ರಾನಿನವರು ಹಿಡಿದುಕೊಂಡ ಅದೇ ವಚನ: ತಡವಾದರೂ ಕಾದಿರು. ಒಬ್ಬರು ಗುಟ್ಟು ನಮಗೆ ತಿಳಿದಿದೆ ಎಂದವರು, ಇನ್ನೊಬ್ಬರು ಗುಟ್ಟು ಕೆದಕುವವರನ್ನು ಶಪಿಸಿದವರು. ಇಬ್ಬರಿಗೂ ಕೊನೆಗೆ ಕಾಲೂರಲು ಸಿಕ್ಕ ನೆಲ ಒಂದೇ.

ರಬ್ಬಿಗಳ ಆ ಸಿಟ್ಟು ಎಷ್ಟು ಸರಿ ಎಂದು ತಿಳಿಯಬೇಕಾದರೆ ಕ್ರೈಸ್ತ ಗುರು ಹಿಪ್ಪೊಲಿಟಸನನ್ನು ಓದಬೇಕು. ಸುಮಾರು 204ರಲ್ಲಿ ಅವನು ದಾನಿಯೇಲನ ಮೇಲೆ ವ್ಯಾಖ್ಯಾನ ಬರೆದ. ಬೈಬಲಿನ ಪುಸ್ತಕವೊಂದರ ಮೇಲೆ ಕ್ರೈಸ್ತರು ಬರೆದು ನಮಗೆ ಉಳಿದಿರುವ ವ್ಯಾಖ್ಯಾನಗಳಲ್ಲಿ ಅತಿ ಹಳೆಯವುಗಳ ಸಾಲಿನಲ್ಲಿ ಅದು ನಿಲ್ಲುತ್ತದೆ. ರೋಮಿನ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸನ ಕಾಲ, ಅಲ್ಲಲ್ಲಿ ಕ್ರೈಸ್ತರಿಗೆ ಹಿಂಸೆ. ಅಂತ್ಯ ಬಂದೇಬಿಟ್ಟಿತು ಎಂದು ಜನ ನಡುಗುತ್ತಿದ್ದ ಹೊತ್ತು.

ಅವನು ಎರಡು ಘಟನೆ ಹೇಳುತ್ತಾನೆ. ಒಂದು ಸಿರಿಯಾದಲ್ಲಿ ನಡೆದದ್ದು. ಅಲ್ಲಿನ ಕ್ರೈಸ್ತ ಸಭೆಯ ನಾಯಕನೊಬ್ಬ ಕ್ರಿಸ್ತನನ್ನು ಎದುರುಗೊಳ್ಳೋಣ ಬನ್ನಿ ಎಂದು ಹೆಂಗಸರು ಮಕ್ಕಳ ಸಮೇತ ಜನರನ್ನು ಮರುಭೂಮಿಗೆ ಹೊರಡಿಸಿದ. ಅವರು ಬೆಟ್ಟದಲ್ಲಿ, ದಾರಿಯಲ್ಲಿ ದಿಕ್ಕೆಟ್ಟು ಅಲೆದರು. ದರೋಡೆಕೋರರ ಗುಂಪೆಂದು ತಿಳಿದು ರಾಜ್ಯಪಾಲ ಅವರನ್ನು ಕೊಲ್ಲಿಸುವುದರಲ್ಲಿದ್ದ. ಅವನ ಹೆಂಡತಿ ಕ್ರೈಸ್ತಳಾಗಿದ್ದರಿಂದ ಬೇಡಿಕೊಂಡು ಉಳಿಸಿದಳು.

ಇನ್ನೊಂದು ಪೊಂಟಸ್ ಪ್ರಾಂತದ್ದು. ಅಲ್ಲಿನ ನಾಯಕ ಒಳ್ಳೆಯವನೇ, ವಿನಯವಂತ ಎನ್ನುತ್ತಾನೆ ಹಿಪ್ಪೊಲಿಟಸ್. ಆದರೆ ಗ್ರಂಥಕ್ಕಿಂತ ತನ್ನ ಕನಸುಗಳನ್ನೇ ಜಾಸ್ತಿ ನಂಬಿದ. ಒಂದು ಕನಸು ಬಿತ್ತು, ಎರಡು, ಮೂರು. ಇನ್ನೊಂದು ವರ್ಷಕ್ಕೆ ತೀರ್ಪಿನ ದಿನ, ಆಗದಿದ್ದರೆ ಗ್ರಂಥವನ್ನೇ ನಂಬಬೇಡಿ ಎಂದ. ಜನ ಹಗಲೂ ರಾತ್ರಿ ಅತ್ತು ಪ್ರಾರ್ಥಿಸಿದರು. ಹೊಲ ಉಳುವುದು ಬಿಟ್ಟರು. ಹೆಚ್ಚಿನವರು ಇದ್ದಬದ್ದದ್ದನ್ನೆಲ್ಲ ಮಾರಿದರು. ವರ್ಷ ಕಳೆಯಿತು. ಏನೂ ಆಗಲಿಲ್ಲ. ಕನ್ಯಾವ್ರತ ಹಿಡಿದಿದ್ದ ಹುಡುಗಿಯರು ಮದುವೆಯಾದರು, ಗಂಡಸರು ಹೊಲಕ್ಕೆ ಹೋದರು. ಆಸ್ತಿ ಮಾರಿಕೊಂಡವರು ಭಿಕ್ಷೆ ಬೇಡುತ್ತಿದ್ದರು.

ಈ ಕೊನೆಯ ವಾಕ್ಯ ಬರೆದಿಟ್ಟದ್ದಕ್ಕೆ ನಾನು ಹಿಪ್ಪೊಲಿಟಸನಿಗೆ ಕೃತಜ್ಞ. ವ್ಯಾಖ್ಯಾನದ ಇತಿಹಾಸ ಅಂದರೆ ನಮಗೆ ಸಿಗುವುದು ಬಿಷಪ್ಪರ, ಪಂಡಿತರ ಹೆಸರು. ಅವರ ಮಾತು ಕೇಳಿ ಎತ್ತು, ನೇಗಿಲು ಮಾರಿದವನ ಹೆಸರು ಯಾರೂ ಬರೆಯುವುದಿಲ್ಲ. ಇಲ್ಲಿ ಹೆಸರಿಲ್ಲದಿದ್ದರೂ ಅವನು ಕಾಣುತ್ತಾನೆ.

ಹಿಪ್ಪೊಲಿಟಸನೂ ಒಂದು ಲೆಕ್ಕ ಕೊಟ್ಟ, ಆದರೆ ಜನರನ್ನು ಸಮಾಧಾನ ಮಾಡಲು ಕೊಟ್ಟ. ದೇವರು ಲೋಕವನ್ನು ಮಾಡಿದ್ದು ಆರು ದಿನದಲ್ಲಿ. ದೇವರಿಗೆ ಒಂದು ದಿನ ಸಾವಿರ ವರ್ಷದಂತೆ. ಆದ್ದರಿಂದ ಲೋಕಕ್ಕೆ ಆರು ಸಾವಿರ ವರ್ಷ. ದೇವರ ಕಟ್ಟಳೆಗಳನ್ನಿಟ್ಟ ಪೆಟ್ಟಿಗೆಯಾದ ಒಡಂಬಡಿಕೆಯ ಮಂಜೂಷದ ಉದ್ದ ಎರಡೂವರೆ ಮೊಳ, ಅಗಲ ಒಂದೂವರೆ, ಎತ್ತರ ಒಂದೂವರೆ. ಕೂಡಿಸಿದರೆ ಐದೂವರೆ. ಹಾಗಾಗಿ ಕ್ರಿಸ್ತ ಹುಟ್ಟಿದ್ದು 5500ನೇ ವರ್ಷದಲ್ಲಿ. ಇನ್ನೂ ಐನೂರು ವರ್ಷ ಬಾಕಿಯಿತ್ತು, ಅದರಲ್ಲಿ ಇನ್ನೂರು ಮಾತ್ರ ಕಳೆದಿದೆ. ಹೋಗಿ ಹೊಲ ಉಳಿ! ಮಂಜೂಷದ ಅಳತೆಯಿಂದ ವರ್ಷ ತೆಗೆಯುವುದು ಇವತ್ತು ನಮಗೆ ವಿಚಿತ್ರ ಅನ್ನಿಸಬಹುದು. ಆದರೆ ಆ ಕೂಡುವ ಲೆಕ್ಕದ ಹಿಂದೆ ಹೆದರಿದ ಜನರ ಮೇಲಿನ ಕಾಳಜಿ ಇದೆ.

ಕ್ರಿಸ್ತನ ಸಾವಿರ ವರ್ಷದ ರಾಜ್ಯದ ಮಾತು ಪ್ರಕಟನೆಯ 20ನೇ ಅಧ್ಯಾಯದಲ್ಲಿದೆ. ಅದನ್ನು ಅಕ್ಷರಶಃ ಓದಬೇಕೋ ಬೇಡವೋ ಎಂಬ ಜಗಳ ಬಹಳ ಕಾಲ ನಡೆಯಿತು. ಅದರಲ್ಲಿ ನನಗೆ ಅಚ್ಚುಮೆಚ್ಚಿನ ಘಟನೆ ಮೂರನೇ ಶತಮಾನದ ಈಜಿಪ್ಟಿನದು. ನೆಪೋಸ್ ಎಂಬ ಬಿಷಪ್ ಅಕ್ಷರಶಃ ಓದಬೇಕೆಂದು ಪುಸ್ತಕ ಬರೆದಿದ್ದ. ಅವನು ತೀರಿಕೊಂಡ ಮೇಲೂ ಅರ್ಸಿನೊಯೆ ಕಡೆಯ ಹಳ್ಳಿಗಳಲ್ಲಿ ಆ ಪುಸ್ತಕದ ಹೆಸರಲ್ಲಿ ಸಭೆಗಳೇ ಒಡೆದವು. ಅಲೆಕ್ಸಾಂಡ್ರಿಯಾದ ಬಿಷಪ್ ಡಯೊನಿಸಿಯಸ್ ಅಲ್ಲಿಗೆ ಹೋದ. ಆಜ್ಞೆ ಹೊರಡಿಸಿ ಮುಗಿಸಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ಹಳ್ಳಿಯ ಹಿರಿಯರನ್ನೂ ಬೋಧಕರನ್ನೂ ಕರೆದು, ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಅವರ ಜೊತೆ ಕೂತು ಆ ಪುಸ್ತಕವನ್ನು ಚರ್ಚಿಸಿದ. ಆಮೇಲೆ ಅವನು ಬರೆದದ್ದನ್ನು ಚರಿತ್ರೆಕಾರ ಯುಸೇಬಿಯಸ್ ಉಳಿಸಿದ್ದಾನೆ. ಅದರಲ್ಲಿ ಅವನು ಆ ಹಳ್ಳಿಗರ ಸತ್ಯಪ್ರೀತಿಯನ್ನು, ಕ್ರಮವಾಗಿ ಪ್ರಶ್ನೆ ಕೇಳಿದ ರೀತಿಯನ್ನು ಹೊಗಳುತ್ತಾನೆ. ಮೊದಲು ಹಾಗೆ ಹೇಳಿದ್ದೆವಲ್ಲ ಎಂಬ ಹಟಕ್ಕೆ ಯಾರೂ ಬೀಳಲಿಲ್ಲ ಎನ್ನುತ್ತಾನೆ. ನೆಪೋಸನ ನಂಬಿಕೆ, ದುಡಿಮೆ, ಅವನು ಕಟ್ಟಿದ ಹಾಡುಗಳ ಮೇಲೆ ತನಗೆ ಪ್ರೀತಿಯಿದೆ ಎಂದೂ ಹೇಳುತ್ತಾನೆ. ಕೊನೆಗೆ ಎದುರು ಪಕ್ಷದ ಮುಂದಾಳು ಕೊರಾಕಿಯೋನ್ ಎಲ್ಲರೆದುರು ತನ್ನ ಅಭಿಪ್ರಾಯ ಬಿಟ್ಟ. ಭೇದ ಬಿದ್ದ ಓದುಗರು ಹೀಗೆ ಮೂರು ದಿನ ಒಟ್ಟಿಗೆ ಕೂರುವುದು ಯಾವ ಕಾಲದಲ್ಲೂ ಸಣ್ಣ ಮಾತಲ್ಲ.

ಇನ್ನೊಬ್ಬ ಓದುಗನನ್ನು ಬಿಡುವಂತಿಲ್ಲ. ಅವನು ಯೆಹೂದ್ಯನೂ ಅಲ್ಲ, ಕ್ರೈಸ್ತನೂ ಅಲ್ಲ. ತತ್ವಜ್ಞಾನಿ ಪೋರ್ಫಿರಿ. ದಾನಿಯೇಲನ ಪುಸ್ತಕ ಆಂಟಿಯೋಕಸನ ಕಾಲದಲ್ಲೇ ಬರೆದದ್ದು, ಆಗಿಹೋದದ್ದನ್ನು ಭವಿಷ್ಯದ ಹಾಗೆ ಹೇಳಿದೆ ಎಂದು ಅವನು ವಾದಿಸಿದ. ಅವನ ಪುಸ್ತಕವನ್ನು ಮುಂದೆ ಸುಟ್ಟರು. ಆದರೂ ಈ ವಾದ ನಮಗೆ ತಿಳಿದಿದೆ. ಅದನ್ನು ಖಂಡಿಸಲು ಹೊರಟ ಕ್ರೈಸ್ತ ಪಂಡಿತ ಜೆರೋಮ್, 407ರ ತನ್ನ ವ್ಯಾಖ್ಯಾನದಲ್ಲಿ ಅದನ್ನು ಬರೆದಿಟ್ಟ. ಎಪ್ಪತ್ತು ವಾರಗಳ ಜಾಗಕ್ಕೆ ಬಂದಾಗ ಜೆರೋಮ್ ಆಫ್ರಿಕಾನಸ್, ಯುಸೇಬಿಯಸ್, ಹಿಪ್ಪೊಲಿಟಸ್, ಒರಿಗೆನ್, ಟೆರ್ಟುಲಿಯನ್, ಯೆಹೂದ್ಯರು ಹೀಗೆ ಒಬ್ಬೊಬ್ಬರ ಲೆಕ್ಕವನ್ನೂ ಸಾಲಾಗಿ ಇಟ್ಟ. ಸಭೆಯ ಗುರುಗಳಲ್ಲಿ ಒಬ್ಬರನ್ನು ಮೇಲೆ, ಒಬ್ಬರನ್ನು ಕೆಳಗೆ ಮಾಡುವುದು ಅಪಾಯ, ಓದುಗನೇ ತೀರ್ಮಾನಿಸಲಿ ಎಂದ. ಬೇರೆ ಕಡೆ ಎಷ್ಟು ಖಾರವಾಗಿ ಬರೆಯುವ ಜೆರೋಮ್ ಅವನು! ಅವನ ಕೈಯಲ್ಲಿ ಈ ತಾಳ್ಮೆ ಕಂಡಾಗ ಆ ವಚನಗಳ ಭಾರ ಗೊತ್ತಾಗುತ್ತದೆ.

ಮಾತು ಮುಗಿದ ಮೇಲೆ ಸಭಿಕರೊಬ್ಬರು ಒಂದು ಪ್ರಶ್ನೆ ಕೇಳಿದರು: ಇಷ್ಟು ತೊಂದರೆ ಕೊಡುವ ಪುಸ್ತಕಗಳನ್ನು ಗ್ರಂಥದಿಂದ ತೆಗೆದುಹಾಕಬೇಕು ಎಂದು ಯಾರಿಗೂ ಅನ್ನಿಸಲಿಲ್ಲವೇ ಸರ್? ಒಳ್ಳೆಯ ಪ್ರಶ್ನೆ. ದಾನಿಯೇಲನನ್ನು ಯಾರೂ ತೆಗೆಯಲಿಲ್ಲ. ಆದರೆ ಯೆಹೂದ್ಯರ ಬೈಬಲಿನಲ್ಲಿ ಅವನು ಪ್ರವಾದಿಗಳ ಭಾಗದಲ್ಲಿಲ್ಲ, ಕೀರ್ತನೆ, ಜ್ಞಾನೋಕ್ತಿಗಳಿರುವ ಬರಹಗಳ ಭಾಗದಲ್ಲಿದ್ದಾನೆ. ಕ್ರೈಸ್ತರು ಅವನನ್ನು ದೊಡ್ಡ ಪ್ರವಾದಿಗಳ ಸಾಲಿನಲ್ಲಿ ಇಟ್ಟರು. ಪ್ರಕಟನೆ ಗ್ರಂಥಕ್ಕೆ ಮಾತ್ರ ಪೂರ್ವದ ಸಭೆಗಳಲ್ಲಿ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ಡಯೊನಿಸಿಯಸನೇ ಅದರ ಗ್ರೀಕ್ ಶೈಲಿಯನ್ನು ಸುವಾರ್ತೆಯ ಶೈಲಿಗೆ ಹೋಲಿಸಿ, ಇದನ್ನು ಬರೆದವನು ಬೇರೆ ಯೋಹಾನ ಎಂದು ವಾದಿಸಿದ್ದ. ಆದರೆ ಇಷ್ಟೊಂದು ಸಹೋದರರು ಗೌರವಿಸುವ ಪುಸ್ತಕವನ್ನು ತಳ್ಳಿಹಾಕುವ ಧೈರ್ಯ ತನಗಿಲ್ಲ ಎಂದೂ ಹೇಳಿದ. ಗ್ರೀಕ್ ಆರ್ಥೊಡಾಕ್ಸ್ ಸಭೆ ಅದನ್ನು ಗ್ರಂಥದಲ್ಲಿ ಇಟ್ಟುಕೊಂಡಿದೆ, ಆರಾಧನೆಯ ಪಾಠಗಳಲ್ಲಿ ಓದುವುದಿಲ್ಲ. ಸಿರಿಯಾಕ್ ಭಾಷೆಯ ಪೆಶಿತ್ತಾ ಎಂಬ ಬೈಬಲ್ ಅನುವಾದದ ಹೊಸ ಒಡಂಬಡಿಕೆಯಲ್ಲಿ ಮೂಲತಃ 22 ಪುಸ್ತಕಗಳೇ ಇದ್ದವು, ಪ್ರಕಟನೆ ಅದರಲ್ಲಿರಲಿಲ್ಲ. ನಮ್ಮ ಪಕ್ಕದ ಕೇರಳದ ಸಂತ ತೋಮರ ಕ್ರೈಸ್ತರು ನೂರಾರು ವರ್ಷ ಆರಾಧನೆ ಮಾಡಿದ್ದು ಆ ಸಿರಿಯಾಕ್ ಪರಂಪರೆಯಲ್ಲೇ.